ಪೆನ್ಸಿಲ್ ರಾಯನ ಒಂಟಿಕಣ್ಣು

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ 2003ರಿಂದ ನಡೆದುಬಂದಿರುವ ಚಿತ್ರಸಂತೆಗೆ ಬರುವವರಲ್ಲಿ ಹೆಚ್ಚಿನವರು ಚಿತ್ರದ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು, ಚುರುಮುರಿ ತಿಂದು ಮನೆಗೆ ಹೋಗುವವರೇ ಎಂಬುದು ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಯಾವ ಕಲಾವಿದನಿಗೂ ಗೊತ್ತು. ಅಂಥದರಲ್ಲಿ ಈ ಸಲ ದಂಪತಿಗಳು ನನ್ನ ಹೂವಾಡಗಿತ್ತಿಯ ಚಿತ್ರಕ್ಕೆ 8,000 ರೂಪಾಯಿ ಎಂದರೂ ಮುಖ ಸಿಂಡರಿಸದೆ, "ಸ್ಕ್ಯಾನರ್ ಎಲ್ಲಿದೆ?" ಎಂದು ಕೇಳುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ ಅವರ ಹೆಗಲುಗಳ ನಡುವಿನಿಂದ ಒಂದು ತೋಳು ನೀಳವಾಗಿ ಚಾಚಿಕೊಂಡಿತು; ಅದರ ತುದಿಯಲ್ಲೊಂದು ಪೆನ್ಸಿಲು, ಪೆನ್ಸಿಲಿನ ಮೇಲೆ ಜರುಗುತ್ತಿದ್ದ ಹೆಬ್ಬೆರಳು. "ಕಿವಿ ಅರ್ಧ ಇಂಚು ಮೇಲೆ ಹೋಗಿದೆ ಕಣೋ!" ದಂಪತಿಗಳು ಕಿವಿಯನ್ನು ನೋಡಿದರು, ನನ್ನನ್ನು ನೋಡಿದರು, "ಒಂದು ಸುತ್ತು ಹಾಕಿ ಬರ್ತೀವಿ" ಎಂದು ಹೊರಟರು. ಸಂತೆಯಲ್ಲಿ ಹಾಗೆ ಹೇಳಿಹೋದವರ ದಾರಿ ಕಾಯುವಷ್ಟು ಹೊಸಬ ನಾನಲ್ಲ.

ಮೈಸೂರಿನಲ್ಲಿ ಕಲೆ ಕಲಿಯುತ್ತಿದ್ದಾಗಿನಿಂದಲೂ ಅವನು ನಮಗೆಲ್ಲ ಪೆನ್ಸಿಲ್ ರಾಯ. ತೋಳನ್ನು ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ ಅಳತೆ ಹಿಡಿಯುವುದನ್ನು ಮೇಷ್ಟ್ರು ಎಲ್ಲರಿಗೂ ಕಲಿಸಿದ್ದರು. ನಾವು ಅದನ್ನು ಹೂಜಿ, ಬಾಳೆಹಣ್ಣುಗಳಿಗೆ ಮೀಸಲಿಟ್ಟರೆ ಅವನು ಬದುಕಿಗೇ ಅನ್ವಯಿಸಿಕೊಂಡ. ಮೆಸ್ಸಿನಲ್ಲಿ ತನ್ನ ದೋಸೆಯನ್ನೂ ನನ್ನ ದೋಸೆಯನ್ನೂ ಅಳೆದು ನೋಡದೆ ಅವನು ತುತ್ತು ಮುರಿದವನಲ್ಲ. ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವನ್ನು, ಅದು ರವಿವರ್ಮನದೇ ಎಂದು ಪಕ್ಕದವರು ಪಿಸುಗುಟ್ಟುತ್ತಿದ್ದ ಆ ಕತ್ತಲ ಕೋಣೆಯಲ್ಲಿ, ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅಲ್ಲಿಯೂ ಈ ಮಹಾಶಯ ಪೆನ್ಸಿಲ್ ಎತ್ತಿದ. ಅದರ ಮೊನೆ ಮುಂದೆ ನಿಂತಿದ್ದ ಹಿರಿಯರೊಬ್ಬರ ಕಿವಿಯ ಹಿಂಭಾಗಕ್ಕೆ ತಾಗಿ, ಅವರು ಕೂಗಿಕೊಂಡು, ಕಾವಲುಗಾರ ಓಡಿಬಂದು ಬೈದದ್ದು ನನ್ನನ್ನು. ಏಕೆಂದರೆ ಅಷ್ಟರಲ್ಲಿ ಪೆನ್ಸಿಲು ನನ್ನ ಜೇಬಿಗೆ ವರ್ಗವಾಗಿತ್ತು.

ಇಷ್ಟಾದರೂ ಅವನನ್ನು ಸಹಿಸಿಕೊಳ್ಳಬಹುದಿತ್ತು, ನಾವಿಬ್ಬರೂ ಒಬ್ಬಳನ್ನೇ ಮೆಚ್ಚಿಕೊಂಡಿರದಿದ್ದರೆ. ಇದ್ದಿಲು ಕಡ್ಡಿಯಲ್ಲಿ ಬರೆದದ್ದನ್ನು ಬ್ರೆಡ್ಡಿನ ತಿರುಳಿನಿಂದ ಒತ್ತಿ ಅಳಿಸುವ ಪದ್ಧತಿಯಿದ್ದುದರಿಂದ, ನಾನು ಕಾಫಿಯನ್ನು ತ್ಯಜಿಸಿ ಆ ದುಡ್ಡಿನಲ್ಲಿ ಬೇಕರಿಯ ಸಿಹಿ ಬ್ರೆಡ್ಡನ್ನು ತಂದು ಅವಳ ಈಸೆಲ್ಲಿನ ಬಳಿ ಇಡುತ್ತಿದ್ದೆ. ವಾರ್ಷಿಕ ಪ್ರದರ್ಶನಕ್ಕೆ ಇಬ್ಬರೂ ಗುಟ್ಟಾಗಿ ಅವಳದೇ ಭಾವಚಿತ್ರ ಬರೆದೆವು. ಅವನ ಚಿತ್ರದಲ್ಲಿ ಅಳತೆಯೆಲ್ಲ ಸರಿಯಿದ್ದು, ಪಾಸ್‌ಪೋರ್ಟಿಗೆ ಅಂಟಿಸಬಹುದಾಗಿತ್ತು. ನನ್ನದರಲ್ಲಿ ಕಿವಿ ಎಲ್ಲಿಗೆ ಹೋಗಿದ್ದರೂ ನಗು ಮಾತ್ರ ಅವಳದೇ ಆಗಿತ್ತು ಎಂದು ಇಂದಿಗೂ ವಾದಿಸಬಲ್ಲೆ. ಬಹುಮಾನ ಬಂದದ್ದು ಅವಳು ಕೊರೆದ ಚಾಮುಂಡಿ ಬೆಟ್ಟದ ನಂದಿಯ ಮರದಚ್ಚಿಗೆ. ಮರುವರ್ಷ ಅವಳು ಹೆಚ್ಚಿನ ಓದಿಗೆಂದು ಬರೋಡಾಕ್ಕೆ ಹೋದಳು. ರೈಲ್ವೆ ನಿಲ್ದಾಣಕ್ಕೆ ನಾವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗಿದ್ದೆವು, ಬರುವಾಗ ಯಾರೂ ಮಾತನಾಡಲಿಲ್ಲ.

ಗಿರಾಕಿ ಓಡಿಸಿದ ತಪ್ಪಿಗೆ ಚಹಾ ಕೊಡಿಸಿದ ರಾಯನೊಡನೆ ಮಾತು ಅಲ್ಲಿಗೇ ಹೊರಳಿತು. "ಆ ಬ್ರೆಡ್ಡಿನಲ್ಲಿ ಜಿಡ್ಡಿರುತ್ತಿತ್ತು ಕಣೋ, ಕಾಗದವೆಲ್ಲ ಕಲೆಯಾಗ್ತಿತ್ತು. ಅವಳು ನನ್ನ ರಬ್ಬರ್ ತಗೊಂಡು, ನಿನ್ನ ಬ್ರೆಡ್ಡನ್ನು ಹಾಸ್ಟೆಲ್ ನಾಯಿಗೆ ಹಾಕ್ತಿದ್ದಳು" ಎಂದ, ಲೋಟದಲ್ಲಿ ಉಳಿದ ಚಹಾವನ್ನು ಒಂಟಿಕಣ್ಣಿನಿಂದ ಅಳೆಯುತ್ತ. ನನ್ನನ್ನು ಕಂಡೊಡನೆ ಗೇಟಿನವರೆಗೂ ಓಡಿಬಂದು ಬಾಲ ಅಲ್ಲಾಡಿಸುತ್ತಿದ್ದ ಆ ಕಂದು ನಾಯಿಗೆ ಕಲಾವಿದರೆಂದರೆ ಗೌರವವೆಂದು ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.