ರೋಧ ಹೆಚ್ಚಿದರೆ ಶಾಖವೂ ಹೆಚ್ಚೇ? ಒಂದು ಸ್ಪಷ್ಟನೆ

‘ರೋಧ ದುಪ್ಪಟ್ಟಾದರೆ ಹೀಟರ್ ಎಳೆಯುವ ವಿದ್ಯುತ್ತೂ ದುಪ್ಪಟ್ಟು’ ಎಂಬ ಮಾತು ಹರಿದಾಡುತ್ತಿದೆ. (ರೋಧ ಎಂದರೆ ವಿದ್ಯುತ್ ಪ್ರವಾಹಕ್ಕೆ ತಂತಿ ಒಡ್ಡುವ ತಡೆ.) ಇದರ ಹಿಂದಿನ ಸೂತ್ರ ತಪ್ಪಲ್ಲ, ಬಳಸಿದ ಜಾಗ ತಪ್ಪು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ವಿದ್ಯುತ್ ಸಾಮರ್ಥ್ಯ, ಅಂದರೆ ಪ್ರತಿ ಸೆಕೆಂಡಿಗೆ ಬಳಕೆಯಾಗುವ ಶಕ್ತಿ, ಸಿಗುತ್ತದೆ, ನಿಜ. ಆದರೆ ಬ್ಯಾಟರಿ ಸ್ಥಿರವಾಗಿಡುವುದು ವೋಲ್ಟೇಜನ್ನೇ ಹೊರತು ಪ್ರವಾಹವನ್ನಲ್ಲ. 12 ವೋಲ್ಟ್ ಬ್ಯಾಟರಿಗೆ ಜೋಡಿಸಿದ ಹೀಟರ್ ಸುರುಳಿಯಲ್ಲಿ 2 ಆಂಪಿಯರ್ ಹರಿಯುತ್ತಿದೆ ಎನ್ನಿ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ 6 ಓಮ್, ಎರಡನ್ನೂ ಗುಣಿಸಿದರೆ ಸಾಮರ್ಥ್ಯ 24 ವ್ಯಾಟ್. ಈಗ ರೋಧವನ್ನು 12 ಓಮ್‌ಗೆ ಏರಿಸಿ: ಪ್ರವಾಹ 1 ಆಂಪಿಯರ್‌ಗೆ ಇಳಿಯುತ್ತದೆ, ಸಾಮರ್ಥ್ಯ 12 ವ್ಯಾಟ್. ದುಪ್ಪಟ್ಟಲ್ಲ, ಅರ್ಧ!

ಅಂದಹಾಗೆ, ಆರಿರುವ ತಂತು ಬಲ್ಬಿನ ರೋಧವನ್ನು ಮೀಟರಿನಲ್ಲಿ ಅಳೆದು ಈ ಲೆಕ್ಕಕ್ಕೆ ಇಳಿಯಬೇಡಿ. ಟಂಗ್‌ಸ್ಟನ್ ತಂತು ಉರಿಯುವಾಗ ಅದರ ರೋಧ ತಣ್ಣಗಿರುವಾಗಿನದಕ್ಕಿಂತ ಹತ್ತು ಪಟ್ಟಿಗೂ ಮೀರಬಹುದು.