ಕರಗಿದ ತಂತಿಯಷ್ಟೇ ಸಾಕ್ಷ್ಯವಾಗದು
ಸುಟ್ಟ ಕೋಣೆಯಲ್ಲಿ ತುದಿ ಕರಗಿ ಮಣಿಯಂತಾದ ತಾಮ್ರದ ತಂತಿ ಸಿಕ್ಕಿತು, ಆದ್ದರಿಂದ ಶಾರ್ಟ್ ಸರ್ಕ್ಯೂಟ್‌ನಿಂದಲೇ ಬೆಂಕಿ ಹೊತ್ತಿಕೊಂಡಿತು ಎಂದು ಬೆಂಕಿ ಅವಘಡದ ಕುರಿತ ಲೇಖನವೊಂದು ತೀರ್ಮಾನಿಸಿರುವುದನ್ನು ಒಪ್ಪಲಾಗದು. ಬೇರೆ ಕಾರಣದಿಂದ ಹೊತ್ತಿದ ಬೆಂಕಿಯೂ ವಿದ್ಯುತ್ ಹರಿಯುತ್ತಿರುವ ತಂತಿಗಳ ಹೊದಿಕೆಯನ್ನು ಸುಟ್ಟು, ಅವು ಒಂದಕ್ಕೊಂದು ತಾಗುವಂತೆ ಮಾಡಿ, ಅಂಥದೇ ಮಣಿಯನ್ನು ಉಳಿಸಬಲ್ಲದು. ಆಗ ತಂತಿಯಲ್ಲಿ ವಿದ್ಯುತ್ ಇತ್ತು ಎಂಬುದಕ್ಕಷ್ಟೇ ಅದು ಸಾಕ್ಷಿ. ಬೆಂಕಿ ಶುರುವಾದ ಜಾಗವನ್ನು ಮೊದಲು ಗುರುತಿಸಬೇಕು, ಕಾರಣದ ಮಾತು ಆಮೇಲಿನದು. ಎನ್‌ಎಫ್‌ಪಿಎ 921 ಎಂಬ ಅಮೆರಿಕದ ಬೆಂಕಿ ತನಿಖಾ ಮಾರ್ಗದರ್ಶಿಯ ಕ್ರಮವೂ ಇದೇ. ವೈರಿಂಗ್ ಕೆಲಸದವನಾದ ನನಗೆ ಹೆಚ್ಚು ಆತಂಕ ತರುವುದು ಸಾಕೆಟ್ಟಿನೊಳಗಿನ ಸಡಿಲ ಸ್ಕ್ರೂ. ಅಲ್ಲಿ ಕರೆಂಟ್ ಮಿತಿ ಮೀರದೆಯೇ ಶಾಖ ಏರುವುದರಿಂದ ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನಾಗಿಯೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುವುದಿಲ್ಲ. ಪಿನ್ನಿನ ಸುತ್ತಲ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯುವವರೆಗೂ ಯಾರಿಗೂ ತಿಳಿಯದೆ ಹೋಗಬಹುದು. ಎಂಸಿಬಿ ಇದ್ದರೆ ಭಯವಿಲ್ಲ ಎಂಬ ಸಾಲನ್ನು ಲೇಖಕರು ದಯವಿಟ್ಟು ತಿದ್ದಬೇಕು.