ದನಸಹಾಯ ಅಲ್ಲ, ಧನಸಹಾಯ: ಈ 150% ಸ್ಕೇಲಿಂಗ್ ಯಾರಿಗೆ ಬೇಕಿತ್ತು?

ಸೀಳು ಇತ್ತು ರೀ. 'ಧ' ಅಕ್ಷರದ ಹೊಟ್ಟೆಯಲ್ಲಿ ಸೀಳು ಇದ್ದೇ ಇತ್ತು. ಲಿನಕ್ಸ್ ಮಾನಿಟರಿಗೆ 150% ಸ್ಕೇಲಿಂಗ್, ಅಂದ್ರೆ ಎಲ್ಲವನ್ನೂ ಒಂದೂವರೆ ಪಟ್ಟು ದೊಡ್ಡದು ತೋರಿಸೋ ಸೆಟ್ಟಿಂಗ್, ಇಟ್ಟಿದ್ದಕ್ಕೆ ಪರದೆ ಮೇಲೆ ಕಾಣಿಸಲಿಲ್ಲ ಅಷ್ಟೇ. ಎಲ್ಲರೂ ಕೂತಿರುವಾಗ "ಇಲ್ಲಿ ದನಸಹಾಯ ಅಂತ ಬಿದ್ದಿದೆ, ತಿದ್ದಿ" ಅಂತ ಪ್ರೂಫ್ ನೋಡೋ ನಾನೇ ಅಂದಿದ್ದಾಯ್ತು. ಪುಟ ಕಟ್ಟಿದವರು ಒಂದು ಮಾತೂ ಆಡಲಿಲ್ಲ. ಮೌಸ್ ತಗೊಂಡು ಆ ಕಿಟಕಿಯನ್ನ ಮಾನಿಟರಿಂದ ಲ್ಯಾಪ್‌ಟಾಪಿಗೆ ಎಳೆದರು. ಅಲ್ಲಿ 100%. ಧ, ಕಡ್ಡಿ ನೆಟ್ಟ ಹಾಗೆ ಸ್ಪಷ್ಟ. ಮತ್ತೆ ಮಾನಿಟರಿಗೆ ಎಳೆದರು: ದ. ಈ ಕಡೆ: ಧ. ಆ ಕಡೆ: ದ. ಮೂರು ಸಲ ಎಳೆದು ತೋರಿಸಿದರು. "ಕಣ್ಣು ತೋರಿಸ್ಕೊಳ್ಳಿ" ಅಂತ ಒಬ್ಬರು ಬೇರೆ.

ಕಣ್ಣಲ್ಲ ಸ್ವಾಮಿ, ಲೆಕ್ಕ! 27 ಇಂಚಿನ 4ಕೆ ಮಾನಿಟರ್, ಇಂಚಿಗೆ ಸುಮಾರು 163 ಪಿಕ್ಸೆಲ್. 100% ಇಟ್ಟರೆ ಮೆನು ಇರುವೆ ಸಾಲು, 200% ಇಟ್ಟರೆ ಅರ್ಧ ಕೆಲಸ ಪರದೆಯಾಚೆ. 150% ಬಿಟ್ಟು ಗತಿಯಿಲ್ಲ. ಆದರೆ ಆ ಪುಟವಿನ್ಯಾಸದ ತಂತ್ರಾಂಶ ಇನ್ನೂ ಎಕ್ಸ್11 ಕಾಲದ್ದು, ಅಂದ್ರೆ ಲಿನಕ್ಸ್‌ನಲ್ಲಿ ಕಿಟಕಿ ತೋರಿಸೋ ಹಳೇ ವ್ಯವಸ್ಥೆಯದು. ಈಗಿನ ಹೊಸ ವ್ಯವಸ್ಥೆ ವೇಲ್ಯಾಂಡ್, ಅದರಲ್ಲಿ ಹಳೇ ಆ್ಯಪ್ ಓಡಿಸೋ ಸೇತುವೆ ಎಕ್ಸ್‌ವೇಲ್ಯಾಂಡ್, ಇದು ಅದರೊಳಗೆ ಓಡತ್ತೆ. ಪರದೆ 150% ಅಂತ ಅದಕ್ಕೆ ಯಾರೂ ಹೇಳೋದೇ ಇಲ್ಲ. ಅದು 100%ಕ್ಕೆ ಬರೆದು ಕೊಡತ್ತೆ, ಕಾಂಪೋಸಿಟರ್ (ಎಲ್ಲ ಕಿಟಕಿ ಜೋಡಿಸಿ ಪರದೆಗೆ ಕೊಡೋ ತಂತ್ರಾಂಶ) ಆ ಚಿತ್ರವನ್ನ ಒಂದೂವರೆ ಪಟ್ಟು ಹಿಗ್ಗಿಸತ್ತೆ. ಇಡೀ ಪುಟ ಕಾಣೋ ಹಾಗೆ ಇಟ್ಟಾಗ ಧದ ಸೀಳು ಒಂದೇ ಒಂದು ಪಿಕ್ಸೆಲ್. ಒಂದೂವರೆ ಪಿಕ್ಸೆಲ್ ಅನ್ನೋದು ಗಾಜಿನ ಮೇಲೆ ಎಲ್ಲಿದೆ? ಪಕ್ಕದ ಪಿಕ್ಸೆಲ್‌ಗೂ ಬೂದು ಬಳಿದು ಬಿಡತ್ತೆ. ಇಂಗ್ಲಿಷ್ ಅಕ್ಷರ ಹೀಗೆ ಮಸುಕಾದರೂ ಓದಬಹುದು. ನಮ್ಮ ಪ-ಫ, ದ-ಧ, ಕೆಳಗಿನ ಒತ್ತಕ್ಷರ ಏನಾಗಬೇಕು?

ಪರಿಹಾರ ಇಲ್ಲ ಅಂತಲ್ಲ, ಅದೇ ಸಿಟ್ಟು. 2022ರಲ್ಲೇ ವೇಲ್ಯಾಂಡಿಗೆ ಫ್ರಾಕ್ಷನಲ್-ಸ್ಕೇಲ್ ಪ್ರೋಟೋಕಾಲ್, ಅಂದ್ರೆ ಒಂದೂವರೆಯಂಥ ಪಟ್ಟುಗಳಿಗೆ ನಿಯಮ, ಬಂತು. 100%ಕ್ಕೆ 120 ಅನ್ನೋ ಲೆಕ್ಕದಲ್ಲಿ ಪಟ್ಟು ಎಷ್ಟು ಅಂತ ಆ್ಯಪ್‌ಗೇ ತಿಳಿಸತ್ತೆ, 150% ಅಂದರೆ 180. ಒಪ್ಪಿಕೊಂಡ ಆ್ಯಪ್‌ಗಳೆಲ್ಲ ನೀಟು. ಟರ್ಮಿನಲ್‌ನಲ್ಲಿ ಎಕ್ಸ್‌ಎಲ್‌ಎಸ್‌ಕ್ಲೈಂಟ್ಸ್ (xlsclients) ಅನ್ನೋ ಆಜ್ಞೆ ಓಡಿಸಿ, ಅದರಲ್ಲಿ ಹೆಸರು ಬಂದದ್ದು ಮಸುಕಾಗೋ ಪಂಗಡ. ಗ್ನೋಮ್ ಅನ್ನೋ ಲಿನಕ್ಸ್ ಡೆಸ್ಕ್‌ಟಾಪಿನ 47ನೇ ಆವೃತ್ತಿಯಿಂದ, ಅದರ ಕಾಂಪೋಸಿಟರ್ ಮಟರ್‌ನ ಪ್ರಾಯೋಗಿಕ ಸೌಲಭ್ಯಗಳಲ್ಲಿ ಸ್ಕೇಲ್-ಮಾನಿಟರ್-ಫ್ರೇಮ್‌ಬಫರ್ (scale-monitor-framebuffer) ಜೊತೆಗೆ ಎಕ್ಸ್‌ವೇಲ್ಯಾಂಡ್-ನೇಟಿವ್-ಸ್ಕೇಲಿಂಗ್ (xwayland-native-scaling) ಕೂಡ ಸೇರಿಸಿ ಲಾಗ್ ಔಟ್ ಆಗಿ ಬಂದರೆ ಹಿಗ್ಗಿಸೋದು ನಿಲ್ಲತ್ತೆ. ಆಮೇಲೆ ಆ್ಯಪ್ ತಾನೇ ದೊಡ್ಡದಾಗಬೇಕು. ಆಗೋದು ಗೊತ್ತಿಲ್ಲದ್ದು ಮತ್ತೆ ಇರುವೆ.

ಬಿಡಿ, 100%ಗೇ ಇಟ್ಟು ಟೆಕ್ಸ್ಟ್ ಸ್ಕೇಲಿಂಗ್ ಮಾತ್ರ 1.5 ಮಾಡ್ಕೊಂಡರಾಯ್ತು. ಅಕ್ಷರ ಚೂಪಾಗಿರತ್ತೆ... ಇಲ್ಲ, ಯಾಕೆ ಬಿಡಬೇಕು? ಅದು ಮಾನಿಟರಿಗೊಂದು, ಲ್ಯಾಪ್‌ಟಾಪಿಗೊಂದು ಅಂತ ಇಡೋಕಾಗಲ್ಲ, ಲ್ಯಾಪ್‌ಟಾಪಲ್ಲೂ ಅಕ್ಷರ ಊದಿಕೊಳ್ಳತ್ತೆ!

ಯಾವ ಕಿಟಕಿ ಎಕ್ಸ್‌ವೇಲ್ಯಾಂಡಿನದು ಅಂತ ಕಾಂಪೋಸಿಟರಿಗೆ ಗೊತ್ತೇ ಇದೆಯಲ್ಲ. 150% ಒತ್ತುವಾಗಲೇ "ಈ ಆ್ಯಪ್ ಮಸುಕಾಗುತ್ತದೆ" ಅಂತ ಒಂದು ಸಾಲು ಯಾಕೆ ಹಾಕಲ್ಲ? ಕಾಂಪೋಸಿಟರ್ ಬರೆದವರು ಯಾರಾದರೂ ಇದ್ದರೆ ಉತ್ತರ ಕೊಡಿ. ನಿನ್ನೆ ಕೆಂಪು ಹಾಕಿದ ಪುಟಗಳನ್ನೆಲ್ಲ ಈಗ ಲ್ಯಾಪ್‌ಟಾಪಿಗೆ ಎಳೆದು ನೋಡಬೇಕು, ಒಂದೊಂದೇ ದ.